ಕಣ್ಣಿಗೆ ಕಾಣದ ಕಿರಣಗಳು

ನಮ್ಮ ಶಾಲೆಯು ಐವತ್ತು ಸಂವತ್ಸರಗಳನ್ನು ಪೂರೈಸಿ ಸುವರ್ಣ ಮಹೋತ್ಸವವನ್ನು ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ, ಸ್ಮರಣ ಸಂಚಿಕೆಗಾಗಿ ಒಂದು ವಿಜ್ಞಾನ ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಅಪೇಕ್ಷಿಸಿದರು. ಹಲವು ವರ್ಷಗಳ ಕಾಲ ಇಲ್ಲಿ ಭೌತಶಾಸ್ತ್ರವನ್ನು ಕನ್ನಡದಲ್ಲಿ ಬೋಧಿಸಿದ ನನಗೆ ವಿಷಯದ ಆಯ್ಕೆ ಕಷ್ಟವೆನಿಸಲಿಲ್ಲ. 2024ರಲ್ಲಿ ಕೇರಳದ ಅಣು ವಿದ್ಯುತ್ ಸ್ಥಾವರದ ಚರ್ಚೆಯಲ್ಲಿ ನಮ್ಮ ಜಿಲ್ಲೆಯ ದಕ್ಷಿಣ ಭಾಗದ ಚೀಮೇನಿಯ ಹೆಸರು ಕೇಳಿಬಂದ ಮೇಲೆ, 'ವಿಕಿರಣ' ಎಂಬ ಶಬ್ದ ಪಾಠಪುಸ್ತಕದಿಂದ ಹೊರಬಿದ್ದು ಬಸ್ ತಂಗುದಾಣಗಳಿಗೂ ಚಹಾದ ಅಂಗಡಿಗಳಿಗೂ ಬಂದಿದೆ. 1990ರ ಸುಮಾರಿಗೆ ನೆರೆಯ ಕಣ್ಣೂರು ಜಿಲ್ಲೆಯ ಪೆರಿಂಗೋಮಿನಲ್ಲಿ ಇಂಥದೇ ಸ್ಥಾವರದ ಪ್ರಸ್ತಾಪವೆದ್ದು, ಜನರ ಪ್ರತಿಭಟನೆಯನ್ನು ಎದುರಿಸಿದ್ದುದು ಹಿರಿಯರಿಗೆ ನೆನಪಿರಬಹುದು.

ಕಣ್ಣಿಗೆ ಕಾಣದ ಅಪಾಯವೆಂದರೇನು ಎಂಬುದನ್ನು ನಮ್ಮ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎರಡು ದಶಕಗಳಿಗೂ ಹೆಚ್ಚು ಕಾಲ, 2000ದ ವರೆಗೆ, ಗೇರುತೋಟಗಳ ಮೇಲೆ ಆಕಾಶದಿಂದ ಸಿಂಪಡಿಸಿದ ಎಂಡೋಸಲ್ಫಾನ್ ಇಲ್ಲಿನ ಎಷ್ಟೋ ಮನೆಗಳಲ್ಲಿ ಇಂದಿಗೂ ಮಾಯದ ನೋವನ್ನು ಉಳಿಸಿದೆ. ಅದು ರಾಸಾಯನಿಕ ವಿಷ; ವಿಕಿರಣಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ಅದರಿಂದ ನಾವು ಕಲಿತ ಪಾಠವೊಂದಿದೆ. 'ಏನೂ ಆಗುವುದಿಲ್ಲ' ಎಂಬ ಆಶ್ವಾಸನೆಯನ್ನು ಪ್ರಶ್ನಿಸದೆ ಒಪ್ಪಿಕೊಳ್ಳಬಾರದು. ಪ್ರಶ್ನಿಸಬೇಕಾದರೆ ಸರಿಯಾದ ಪ್ರಶ್ನೆ ಯಾವುದೆಂಬುದು ತಿಳಿದಿರಬೇಕು. ಅಣು ಸ್ಥಾವರ ಬೇಕೇ ಬೇಡವೇ ಎಂಬ ತೀರ್ಪನ್ನು ನೀಡುವುದು ಈ ಲೇಖನದ ಉದ್ದೇಶವಲ್ಲ. ವಿಕಿರಣವೆಂಬುದು ಒಂದೇ ವಸ್ತುವಲ್ಲ. ಅದು ಯಾವ ಬಗೆಯದು, ದೇಹದ ಹೊರಗಿದೆಯೋ ಒಳಗಿದೆಯೋ, ಎಷ್ಟಿದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಗದೆ ಅದನ್ನು ಭಯಪಡುವುದೂ ಸರಿಯಲ್ಲ, ಅಲ್ಲಗಳೆಯುವುದೂ ಸರಿಯಲ್ಲ ಎಂಬುದಷ್ಟನ್ನೇ ಇಲ್ಲಿ ಹೇಳಬಯಸುತ್ತೇನೆ.

ವಿಕಿರಣದ ಮೂಲ

ಪರಮಾಣುವಿನ ನಡುವೆ ಅತಿ ಸೂಕ್ಷ್ಮವಾದ ಬೀಜಕೇಂದ್ರವಿದೆ. ಧನ ವಿದ್ಯುದಂಶವುಳ್ಳ ಪ್ರೋಟಾನುಗಳೂ ವಿದ್ಯುದಂಶವಿಲ್ಲದ ನ್ಯೂಟ್ರಾನುಗಳೂ ಅದರಲ್ಲಿ ಒತ್ತೊತ್ತಾಗಿ ಸೇರಿಕೊಂಡಿವೆ. ಇವುಗಳ ಸಂಖ್ಯೆಯಲ್ಲಿ ಹೊಂದಾಣಿಕೆ ತಪ್ಪಿದಾಗ ಬೀಜಕೇಂದ್ರ ಅಸ್ಥಿರವಾಗುತ್ತದೆ. ತನ್ನಲ್ಲಿರುವ ಅಧಿಕ ಶಕ್ತಿಯನ್ನು ಹೊರಹಾಕಿ ಸ್ಥಿರತೆಯ ಕಡೆಗೆ ಅದು ಸಾಗುತ್ತದೆ. ಹೀಗೆ ಹೊರಬೀಳುವ ಕಣಗಳನ್ನೂ ಅಲೆಗಳನ್ನೂ ನಾವು ಒಟ್ಟಾಗಿ ಪರಮಾಣು ವಿಕಿರಣವೆಂದು ಕರೆಯುತ್ತೇವೆ.

1896ರಲ್ಲಿ ಪ್ಯಾರಿಸಿನ ಹೆನ್ರಿ ಬೆಕ್ವೆರೆಲ್, ಯುರೇನಿಯಂ ಲವಣವು ಕಪ್ಪು ಕಾಗದದಲ್ಲಿ ಸುತ್ತಿಟ್ಟಿದ್ದ ಛಾಯಾಚಿತ್ರದ ಫಲಕವನ್ನು ತಾನಾಗಿಯೇ ಕಪ್ಪಾಗಿಸುವುದನ್ನು ಕಂಡನು. 1898ರಲ್ಲಿ ಮೇರಿ ಕ್ಯೂರಿ ಮತ್ತು ಪಿಯರೆ ಕ್ಯೂರಿ ದಂಪತಿಗಳು ಪೊಲೋನಿಯಂ ಮತ್ತು ರೇಡಿಯಂಗಳನ್ನು ಪತ್ತೆಹಚ್ಚಿದರು. 1899ರಲ್ಲಿ ಅರ್ನೆಸ್ಟ್ ರುದರ್‌ಫರ್ಡ್, ಈ ಕಿರಣಗಳಲ್ಲಿ ಬೇಗನೆ ತಡೆಯಲ್ಪಡುವ ಒಂದು ಬಗೆಯೂ ಹೆಚ್ಚು ದೂರ ತೂರಿಹೋಗುವ ಇನ್ನೊಂದು ಬಗೆಯೂ ಇವೆಯೆಂದು ತೋರಿಸಿ, ಗ್ರೀಕ್ ವರ್ಣಮಾಲೆಯ ಮೊದಲೆರಡು ಅಕ್ಷರಗಳಿಂದ ಆಲ್ಫಾ, ಬೀಟಾ ಎಂದು ಹೆಸರಿಸಿದನು. ಮರುವರ್ಷ ಪಾಲ್ ವಿಲ್ಲಾರ್ಡ್ ಕಂಡುಕೊಂಡ ಮೂರನೆಯ ಬಗೆಗೆ ಮುಂದೆ ಗಾಮಾ ಎಂಬ ಹೆಸರಾಯಿತು. ನ್ಯೂಟ್ರಾನನ್ನು ಜೇಮ್ಸ್ ಚಾಡ್ವಿಕ್ ಗುರುತಿಸಿದ್ದು 1932ರಲ್ಲಿ.

ಬಲವಾದ ಅಯಸ್ಕಾಂತದ ನಡುವೆ ಹಾಯಿಸಿದರೆ ಈ ಕಿರಣಗಳ ಗುಟ್ಟು ಬಯಲಾಗುತ್ತದೆ. ಆಲ್ಫಾ ಒಂದು ಕಡೆಗೆ ಅಲ್ಪವಾಗಿ ಬಾಗುತ್ತದೆ, ಬೀಟಾ ವಿರುದ್ಧ ದಿಕ್ಕಿಗೆ ಬಹಳವಾಗಿ ಬಾಗುತ್ತದೆ, ಗಾಮಾ ನೇರವಾಗಿ ಸಾಗುತ್ತದೆ. ಮೊದಲನೆಯದು ಭಾರವಾದ ಧನ ಕಣ, ಎರಡನೆಯದು ಹಗುರವಾದ ಋಣ ಕಣ, ಮೂರನೆಯದಕ್ಕೆ ವಿದ್ಯುದಂಶವೇ ಇಲ್ಲ ಎಂಬುದು ಇದರಿಂದ ಸಿದ್ಧವಾಗುತ್ತದೆ.

ಆಲ್ಫಾ: ತೋಟಕ್ಕೆ ನುಗ್ಗಿದ ಆನೆ

ಎರಡು ಪ್ರೋಟಾನು ಮತ್ತು ಎರಡು ನ್ಯೂಟ್ರಾನುಗಳು ಒಂದಾಗಿರುವ ಗಂಟೇ ಆಲ್ಫಾ ಕಣ. ಅದು ಹೀಲಿಯಂ ಪರಮಾಣುವಿನ ಬೀಜಕೇಂದ್ರವಲ್ಲದೆ ಬೇರೆಯಲ್ಲ. ಯುರೇನಿಯಂ, ಥೋರಿಯಂ, ರೇಡಿಯಂಗಳಂಥ ಭಾರವಾದ ಧಾತುಗಳು ಇದನ್ನು ಹೊರಸೂಸುತ್ತವೆ. ಬೆಳಕಿನ ಸುಮಾರು ಇಪ್ಪತ್ತರಲ್ಲೊಂದು ಪಾಲು ವೇಗದಲ್ಲಿ ಹೊರಟರೂ ಗಾಳಿಯಲ್ಲಿ ಕೆಲವೇ ಸೆಂಟಿಮೀಟರ್ ಸಾಗುವಷ್ಟರಲ್ಲಿ ನಿಂತುಬಿಡುತ್ತದೆ. ಪುಸ್ತಕದ ಒಂದು ಹಾಳೆ ಅದನ್ನು ತಡೆಯಬಲ್ಲದು. ನಮ್ಮ ಚರ್ಮದ ಮೇಲಿನ ನಿರ್ಜೀವ ಪದರವೂ ತಡೆಯಬಲ್ಲದು.

ಅಡಕೆ ತೋಟಕ್ಕೆ ಆನೆ ನುಗ್ಗಿದುದನ್ನು ಕಂಡವರು ನಮ್ಮ ಪೂರ್ವದ ಮಲೆಗಳ ಕಡೆ ಬಹಳ ಮಂದಿ ಇದ್ದಾರೆ. ಆನೆ ಎಷ್ಟು ದೂರ ಹೋಯಿತೆಂಬುದು ಮುಖ್ಯವಲ್ಲ. ಹೋದಷ್ಟು ದೂರ ಒಂದು ಗಿಡವನ್ನೂ ನೆಟ್ಟಗೆ ಉಳಿಸಿರುವುದಿಲ್ಲ. ಆಲ್ಫಾ ಕಣವೂ ಹಾಗೆಯೇ. ದಾರಿಯಲ್ಲಿ ಸಿಕ್ಕ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತೆಸೆದು, ಮೂರು ನಾಲ್ಕು ಸೆಂಟಿಮೀಟರ್ ಗಾಳಿಯಲ್ಲಿಯೇ ಸುಮಾರು ಒಂದೂವರೆ ಲಕ್ಷ ಅಯಾನು ಜೋಡಿಗಳನ್ನು ಉಂಟುಮಾಡುತ್ತದೆ. ಇದನ್ನೇ ಅಯಾನೀಕರಣ ಎನ್ನುತ್ತೇವೆ. ಜೀವಕೋಶದೊಳಗೆ ಇದು ನಡೆದರೆ ಆನುವಂಶಿಕ ವಸ್ತುವಾದ ಡಿ.ಎನ್.ಎ.ಯ ಎಳೆಗಳು ಕಡಿದುಹೋಗುತ್ತವೆ. ದುರಸ್ತಿ ತಪ್ಪಾದಲ್ಲಿ ವರ್ಷಗಳ ಅನಂತರ ಅರ್ಬುದ ರೋಗ ತಲೆದೋರಬಹುದು.

ತೋಟದ ಸುತ್ತ ಆಳವಾದ ಕಂದಕವಿದ್ದರೆ ಹೊರಗಿನ ಆನೆಯ ಭಯವಿಲ್ಲ. ಚರ್ಮವೇ ನಮಗೆ ಆ ಕಂದಕ. ಆದರೆ ಆಲ್ಫಾ ಸೂಸುವ ವಸ್ತು ಉಸಿರಿನೊಡನೆಯೋ ಆಹಾರದೊಡನೆಯೋ ಒಳಸೇರಿದರೆ ಆ ಕಂದಕದಿಂದ ಪ್ರಯೋಜನವಿಲ್ಲ. ತಂಬಾಕಿನ ಎಲೆಯಲ್ಲಿ ಸೂಕ್ಷ್ಮ ಪ್ರಮಾಣದಲ್ಲಿ ಪೊಲೋನಿಯಂ-210 ಇರುತ್ತದೆ. ಬೀಡಿ, ಸಿಗರೇಟುಗಳ ಹೊಗೆಯೊಡನೆ ಅದು ಶ್ವಾಸಕೋಶವನ್ನು ಸೇರುತ್ತದೆ. ಅಣು ಸ್ಥಾವರವನ್ನು ಉಗ್ರವಾಗಿ ಖಂಡಿಸುತ್ತಾ ಬೀಡಿ ಹಚ್ಚುವ ಮಿತ್ರರಿಗೆ ನಾನು ಈ ಸಂಗತಿಯನ್ನು ಹೇಳುವುದುಂಟು. ಯುರೇನಿಯಂ, ಥೋರಿಯಂಗಳು ಕ್ಷಯಿಸುವ ಹಾದಿಯಲ್ಲಿ ಹುಟ್ಟುವ ರೇಡಾನ್ ಅನಿಲದ ಕತೆಯೂ ಇಂಥದೇ. ಮಣ್ಣಿನಿಂದ ಹೊರಬಂದು, ಗಾಳಿಯಾಡದ ಕೋಣೆಗಳಲ್ಲಿ ಶೇಖರವಾಗುವ ಈ ಅನಿಲವು ಲೋಕದ ಜನರು ನಿಸರ್ಗದಿಂದ ಪಡೆಯುವ ವಿಕಿರಣದಲ್ಲಿ ಸುಮಾರು ಅರ್ಧಾಂಶಕ್ಕೆ ಕಾರಣವಾಗಿದೆ.

ಬೀಟಾ: ಹಗುರವಾದ ಕಣ

ಬೀಜಕೇಂದ್ರದಲ್ಲಿ ನ್ಯೂಟ್ರಾನುಗಳು ಅಧಿಕವಾದಾಗ ಒಂದು ನ್ಯೂಟ್ರಾನು ಪ್ರೋಟಾನಾಗಿ ಮಾರ್ಪಡುತ್ತದೆ. ಆ ಕ್ಷಣದಲ್ಲಿ ಹೊರಚಿಮ್ಮುವ ಎಲೆಕ್ಟ್ರಾನೇ ಬೀಟಾ ಕಣ. ಅದರ ರಾಶಿ ಆಲ್ಫಾ ಕಣದ ಸುಮಾರು 7,300ರಲ್ಲೊಂದು ಪಾಲು ಮಾತ್ರ. ಅದರ ವೇಗ ಬೆಳಕಿನ ವೇಗಕ್ಕೆ ಸಮೀಪಿಸುವುದೂ ಉಂಟು. ಸಾಧಾರಣ ಶಕ್ತಿಯ ಬೀಟಾ ಕಣ ಗಾಳಿಯಲ್ಲಿ ಮೂರು ನಾಲ್ಕು ಮೀಟರ್ ಸಾಗುತ್ತದೆ. ಕೆಲವು ಮಿಲಿಮೀಟರ್ ದಪ್ಪದ ಅಲ್ಯುಮಿನಿಯಂ ತಗಡು ಅದನ್ನು ತಡೆಯುತ್ತದೆ. ಹೊರಗಿನಿಂದ ಬಂದರೆ ಚರ್ಮವನ್ನೂ ಕಣ್ಣನ್ನೂ ಬಾಧಿಸಬಹುದು, ಆದರೆ ಒಳಗಿನ ಅಂಗಗಳನ್ನು ಸಾಮಾನ್ಯವಾಗಿ ಮುಟ್ಟಲಾರದು.

ಬೀಟಾ ಸೂಸುವ ವಸ್ತು ನಮ್ಮೆಲ್ಲರ ದೇಹದಲ್ಲಿಯೂ ಇದೆಯೆಂದರೆ ಅನೇಕರಿಗೆ ಆಶ್ಚರ್ಯವಾಗಬಹುದು. ಬಾಳೆಹಣ್ಣು, ಬೊಂಡದ ನೀರುಗಳಲ್ಲಿ ಧಾರಾಳವಾಗಿರುವ ಪೊಟ್ಯಾಸಿಯಂ ಧಾತುವಿನಲ್ಲಿ ಹತ್ತು ಸಾವಿರಕ್ಕೆ ಸುಮಾರು ಒಂದು ಪರಮಾಣುವಿನಂತೆ ಪೊಟ್ಯಾಸಿಯಂ-40 ಬೆರೆತಿದೆ. ಪ್ರಾಯಕ್ಕೆ ಬಂದ ಮನುಷ್ಯನ ದೇಹದಲ್ಲಿ ಇಂಥ ನಾಲ್ಕು ಸಾವಿರಕ್ಕೂ ಮಿಕ್ಕಿದ ಪರಮಾಣುಗಳು ಪ್ರತಿ ಸೆಕೆಂಡಿಗೂ ಕ್ಷಯಿಸುತ್ತಿವೆ. ಇದಕ್ಕಾಗಿ ಬೊಂಡ ಕುಡಿಯುವುದನ್ನು ಬಿಡಬೇಕಾಗಿಲ್ಲ. ದೇಹವು ತನಗೆ ಬೇಕಾದಷ್ಟು ಪೊಟ್ಯಾಸಿಯಂ ಇರಿಸಿಕೊಂಡು ಉಳಿದುದನ್ನು ಹೊರಹಾಕುವುದರಿಂದ ಈ ಪ್ರಮಾಣ ಹೆಚ್ಚೂಕಡಿಮೆ ಸ್ಥಿರವಾಗಿಯೇ ಇರುತ್ತದೆ. ಸೃಷ್ಟಿಯಲ್ಲಿ ವಿಕಿರಣವೇ ಇಲ್ಲದ ಜಾಗವೆಂಬುದಿಲ್ಲ ಎಂಬುದನ್ನು ತಿಳಿದುಕೊಂಡರೆ ಸಾಕು.

ಗಾಮಾ: ಗೋಡೆ ದಾಟುವ ಅಲೆ

ಗಾಮಾ ಕಣವಲ್ಲ, ಬೆಳಕಿನ, ಎಕ್ಸ್-ಕಿರಣದ ಜಾತಿಗೆ ಸೇರಿದ ವಿದ್ಯುತ್ಕಾಂತ ಅಲೆ. ಆಲ್ಫಾ ಅಥವಾ ಬೀಟಾ ಹೊರಬಿದ್ದ ಬಳಿಕ ಬೀಜಕೇಂದ್ರದಲ್ಲಿ ಉಳಿದ ಶಕ್ತಿ ಗಾಮಾ ಆಗಿ ಹೊರಡುವುದು ಸಾಮಾನ್ಯ. ಅದಕ್ಕೆ ತೂಕವೂ ಇಲ್ಲ, ವಿದ್ಯುದಂಶವೂ ಇಲ್ಲ. ದಾರಿಯಲ್ಲಿ ಅಯಾನೀಕರಣ ವಿರಳವಾಗಿರುವುದರಿಂದಲೇ ಅದು ಬಹುದೂರ ತೂರಿಹೋಗುತ್ತದೆ, ದೇಹವನ್ನು ಹೊಕ್ಕು ಆಚೆಗೂ ಹೋಗುತ್ತದೆ.

ಇದನ್ನು ಪೂರ್ತಿಯಾಗಿ ತಡೆಯುವ ಗೋಡೆಯಿಲ್ಲ. ಕಡಿಮೆ ಮಾಡುವ ಗೋಡೆಯಿದೆ. ಕೋಬಾಲ್ಟ್-60 ಸೂಸುವ ಗಾಮಾವನ್ನು ಅರ್ಧಕ್ಕಿಳಿಸಲು ಸುಮಾರು 1.2 ಸೆಂಟಿಮೀಟರ್ ದಪ್ಪದ ಸೀಸವೋ ಸುಮಾರು 6 ಸೆಂಟಿಮೀಟರ್ ಕಾಂಕ್ರೀಟೋ ಬೇಕು. ಮತ್ತೆ ಅಷ್ಟೇ ದಪ್ಪ ಸೇರಿಸಿದರೆ ಕಾಲು ಭಾಗ. ಹೀಗೆ ಹತ್ತು ಪದರಗಳಾದರೆ ಸಾವಿರದಲ್ಲೊಂದು ಪಾಲು ಉಳಿಯುತ್ತದೆ. ದೂರವೂ ಒಂದು ರಕ್ಷೆಯೇ. ಚಿಕ್ಕ ಆಕರವೊಂದರಿಂದ ಇರುವ ದೂರವನ್ನು ಇಮ್ಮಡಿಗೊಳಿಸಿದರೆ ತಾಗುವ ಗಾಮಾ ನಾಲ್ಕನೆಯ ಒಂದಂಶಕ್ಕೆ ಇಳಿಯುತ್ತದೆ.

ಗಾಮಾಕ್ಕೆ ಹೊರಗಿನಿಂದಲೇ ಕೊಲ್ಲುವ ಶಕ್ತಿಯಿದೆ. 2010ರಲ್ಲಿ ದೆಹಲಿಯ ಮಾಯಾಪುರಿಯ ಗುಜರಿ ಮಾರುಕಟ್ಟೆಗೆ ಹಳೆಯ ಪ್ರಯೋಗ ಉಪಕರಣವೊಂದು ಮಾರಾಟವಾಗಿ ಬಂದು, ಅದರೊಳಗಿದ್ದ ಕೋಬಾಲ್ಟ್-60ನ್ನು ಅರಿಯದೆ ಬಿಡಿಸಿದ ಪರಿಣಾಮವಾಗಿ ಹಲವರು ಅಸ್ವಸ್ಥರಾದರು, ಒಬ್ಬ ಕಾರ್ಮಿಕ ಅಸುನೀಗಿದನು. ಅದೇ ಕೋಬಾಲ್ಟ್-60 ದಶಕಗಳ ಕಾಲ ನಮ್ಮ ದೇಶದ ಆಸ್ಪತ್ರೆಗಳಲ್ಲಿ ಅರ್ಬುದದ ಗಡ್ಡೆಗಳನ್ನು ಸುಟ್ಟು ಸಹಸ್ರಾರು ಜೀವಗಳನ್ನು ಉಳಿಸಿದೆ.

ಚಿಕಿತ್ಸೆಗಾಗಿ ಮಂಗಳೂರಿಗೆ ಹೋಗಿಬರುವವರು ನಮ್ಮಲ್ಲಿ ಅನೇಕರು. 'ವಿಕಿರಣ ಕೊಡಿಸಿಕೊಂಡು ಬಂದವರನ್ನು ಮಕ್ಕಳು ಮುಟ್ಟಬಹುದೇ?' ಎಂದು ಕೇಳುವುದನ್ನು ನಾನು ಬಹಳ ಸಲ ಕೇಳಿದ್ದೇನೆ. ಯಂತ್ರದಿಂದ ಹೊರಗಿನಿಂದ ಹಾಯಿಸಿದ ಎಕ್ಸ್-ಕಿರಣವಾಗಲಿ ಗಾಮಾವಾಗಲಿ ರೋಗಿಯಲ್ಲಿ ಉಳಿಯುವುದಿಲ್ಲ. ದೀಪ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯದಂತೆ. ಧಾರಾಳವಾಗಿ ಮುಟ್ಟಬಹುದು. ಥೈರಾಯ್ಡ್ ಚಿಕಿತ್ಸೆಗೆ ಅಯೋಡಿನ್-131ನ್ನು ನುಂಗಿದವರ ಸಂಗತಿ ಬೇರೆ. ಅಲ್ಲಿ ಆಕರವೇ ದೇಹದೊಳಗಿರುತ್ತದೆ. ಅದರ ಬೀಟಾ ರೋಗವನ್ನು ಸುಡುತ್ತದೆ, ಗಾಮಾ ಹೊರಗೂ ಬರುತ್ತದೆ. ಅದರ ಅರ್ಧಾಯುಷ್ಯ, ಅಂದರೆ ಇರುವ ಪರಮಾಣುಗಳಲ್ಲಿ ಅರ್ಧದಷ್ಟು ಕ್ಷಯಿಸಲು ಬೇಕಾದ ಕಾಲ, ಎಂಟು ದಿನ. ಆದುದರಿಂದ ವೈದ್ಯರು ಹೇಳಿದಷ್ಟು ದಿನ ಮಕ್ಕಳಿಂದಲೂ ಗರ್ಭಿಣಿಯರಿಂದಲೂ ದೂರವಿರಬೇಕು. ಕಿರಣ ತಾಗುವುದು ಬೇರೆ, ಕಿರಣ ಸೂಸುವ ವಸ್ತು ಮೈಗೆ ಅಂಟುವುದು ಅಥವಾ ಒಳಸೇರುವುದು ಬೇರೆ. ಇಷ್ಟು ತಿಳಿದಿದ್ದರೆ ಎಷ್ಟೋ ಮನೆಗಳಲ್ಲಿ ರೋಗಿಗಳು ಅನಾವಶ್ಯಕವಾದ ಒಂಟಿತನವನ್ನು ಅನುಭವಿಸಬೇಕಾಗಿ ಬರಲಾರದು.

ನ್ಯೂಟ್ರಾನ್: ಇತರರನ್ನೂ ಬದಲಿಸುವ ಕಣ

ಯುರೇನಿಯಂನ ಬೀಜಕೇಂದ್ರ ಒಡೆಯುವಾಗ ನ್ಯೂಟ್ರಾನುಗಳು ಹೊರಬೀಳುತ್ತವೆ. ವಿದ್ಯುದಂಶವಿಲ್ಲದುದರಿಂದ ಇವು ಸೀಸವನ್ನೂ ಸುಲಭವಾಗಿ ದಾಟಿಹೋಗುತ್ತವೆ. ಇವುಗಳನ್ನು ಪಳಗಿಸುವುದು ನೀರು, ಮೇಣಗಳಂಥ ಹಗುರ ವಸ್ತುಗಳು. ಕಾರಣ ಸರಳ. ಗೋಲಿಯಾಟದಲ್ಲಿ ಗೋಲಿಯು ಗುಂಡುಕಲ್ಲಿಗೆ ಬಡಿದರೆ ಅದೇ ವೇಗದಲ್ಲಿ ಹಿಂದಕ್ಕೆ ಪುಟಿಯುತ್ತದೆ. ಇನ್ನೊಂದು ಗೋಲಿಗೆ ನೇರವಾಗಿ ಬಡಿದರೆ ತನ್ನ ವೇಗವನ್ನು ಅದಕ್ಕೆ ಒಪ್ಪಿಸಿ ತಾನು ನಿಂತುಬಿಡುತ್ತದೆ. ನೀರಿನಲ್ಲಿರುವ ಹೈಡ್ರೋಜನ್ನಿನ ಬೀಜಕೇಂದ್ರ ನ್ಯೂಟ್ರಾನಿಗೆ ಸರಿಸಮನಾದ ಗೋಲಿ. ನಿಧಾನಗೊಂಡ ನ್ಯೂಟ್ರಾನನ್ನು ಬೇರೊಂದು ಪರಮಾಣು ನುಂಗಿಕೊಳ್ಳುತ್ತದೆ. ಹಾಗೆ ನುಂಗಿದ ಪರಮಾಣು ತಾನೇ ವಿಕಿರಣಶೀಲವಾಗಿಬಿಡಬಹುದು. ಉಳಿದ ಮೂರು ಕಿರಣಗಳು ಸಾಮಾನ್ಯವಾಗಿ ಮಾಡದ ಈ ಕೆಲಸವನ್ನು ನ್ಯೂಟ್ರಾನ್ ಮಾಡುತ್ತದೆ.

ಎಷ್ಟು ಎಂಬ ಪ್ರಶ್ನೆ

ಸೆಕೆಂಡಿಗೆ ಒಂದು ಪರಮಾಣು ಕ್ಷಯಿಸಿದರೆ ಒಂದು ಬೆಕ್ವೆರೆಲ್. ಆದರೆ ದೇಹಕ್ಕಾಗುವ ಬಾಧೆಯನ್ನು ಅಳೆಯಲು ಸೀವರ್ಟ್ ಎಂಬ ಮಾನವಿದೆ. ದೇಹ ಹೀರಿಕೊಂಡ ಶಕ್ತಿ ಸಮಾನವಾಗಿದ್ದರೂ ಬೀಟಾ, ಗಾಮಾಗಳನ್ನು 1ರಿಂದಲೂ ಆಲ್ಫಾವನ್ನು 20ರಿಂದಲೂ ಗುಣಿಸಿ ಇದನ್ನು ಲೆಕ್ಕಹಾಕುತ್ತಾರೆ; ನ್ಯೂಟ್ರಾನಿಗೆ ಅದರ ಶಕ್ತಿಯನ್ನು ಅನುಸರಿಸಿ ಇವೆರಡರ ನಡುವಣ ಸಂಖ್ಯೆ. ಲೋಕದಲ್ಲಿ ಒಬ್ಬ ಮನುಷ್ಯ ನಿಸರ್ಗದಿಂದ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಪಡೆಯುತ್ತಾನೆ. ಎದೆಯ ಒಂದು ಎಕ್ಸ್-ರೇ 0.1 ಮಿಲಿಸೀವರ್ಟ್ ಅಥವಾ ಅದಕ್ಕೂ ಕಡಿಮೆ. ಇಡೀ ದೇಹಕ್ಕೆ ಒಮ್ಮೆಲೇ 4ರಿಂದ 5 ಸೀವರ್ಟ್ ತಾಗಿದರೆ, ಅಂದರೆ ನಿಸರ್ಗದ ವಾರ್ಷಿಕ ಪಾಲಿನ ಸುಮಾರು ಎರಡು ಸಾವಿರ ಪಟ್ಟು, ಚಿಕಿತ್ಸೆಯಿಲ್ಲದಲ್ಲಿ ಅರ್ಧದಷ್ಟು ಮಂದಿ ಬದುಕಲಾರರು.

ನಿಸರ್ಗದ ಪಾಲು ಎಲ್ಲೆಡೆ ಒಂದೇ ಅಲ್ಲ. ಕೊಲ್ಲಂ ಜಿಲ್ಲೆಯ ನೀಂಡಕರ, ಚವರ ಕಡಲತೀರದ ಮರಳಿನಲ್ಲಿ ಥೋರಿಯಂಯುಕ್ತವಾದ ಮೋನಜೈಟ್ ಖನಿಜವಿದೆ. ಥೋರಿಯಂನ ಅರ್ಧಾಯುಷ್ಯ ಸುಮಾರು 1,400 ಕೋಟಿ ವರ್ಷ. ವಿಶ್ವದ ವಯಸ್ಸಿಗಿಂತಲೂ ಅಧಿಕ. ಅಲ್ಲಿನ ಕರುನಾಗಪ್ಪಳ್ಳಿ ತಾಲೂಕಿನ ಸುಮಾರು 70,000 ನಿವಾಸಿಗಳನ್ನು ಸರಾಸರಿ ಹತ್ತು ವರ್ಷಗಳಿಗೂ ಹೆಚ್ಚು ಕಾಲ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೆಲದ ಗಾಮಾದಿಂದಾಗಿ ಅರ್ಬುದ ಹೆಚ್ಚಿದುದು ಕಂಡುಬರಲಿಲ್ಲ. ನಮಗೆ ಇನ್ನೂ ಸಮೀಪದ ಉದಾಹರಣೆ ಬೇಕೆಂದರೆ, ಮಂಗಳೂರು ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ಉಳ್ಳಾಲದ ಕಡಲತೀರದಲ್ಲಿಯೂ ಸಹಜಕ್ಕಿಂತ ಅಧಿಕವಾದ ನೈಸರ್ಗಿಕ ವಿಕಿರಣವನ್ನು ಗುರುತಿಸಿ 1993ರಲ್ಲಿ ಪ್ರಕಟಿಸಿದರು. ನಿಧಾನವಾಗಿ, ಹೊರಗಿನಿಂದ ಬರುವ ಅಲ್ಪ ಗಾಮಾದ ಬಗ್ಗೆ ಈ ಅಧ್ಯಯನಗಳು ಧೈರ್ಯ ನೀಡುತ್ತವೆ. ಆದರೆ ಒಳಸೇರುವ ವಸ್ತುಗಳಿಗೆ ಅದೇ ಮಾತನ್ನು ಅನ್ವಯಿಸುವಂತಿಲ್ಲ.

ಕೈಗಾದಲ್ಲಿ ನಾಲ್ಕೂ ಒಂದೆಡೆ

ಈ ನಾಲ್ಕೂ ಬಗೆಗಳನ್ನು ಒಂದೇ ಆವರಣದಲ್ಲಿ ಕಾಣಬೇಕಾದರೆ ಕಾರವಾರದ ಸಮೀಪ ಕಾಳಿ ನದಿಯ ದಡದಲ್ಲಿರುವ ಕೈಗಾ ಅಣು ವಿದ್ಯುತ್ ಕೇಂದ್ರವನ್ನು ನೋಡಬೇಕು. ಡಾ. ಶಿವರಾಮ ಕಾರಂತರು ಆ ಯೋಜನೆಯನ್ನು ಬಹಿರಂಗವಾಗಿ ವಿರೋಧಿಸಿದ್ದುದು ಕನ್ನಡಿಗರೆಲ್ಲರಿಗೂ ತಿಳಿದಿದೆ. 1994ರ ಮೇ 13ರಂದು, ಕಟ್ಟಡದ ಕೆಲಸ ನಡೆಯುತ್ತಿದ್ದಾಗಲೇ, ಒಂದು ಘಟಕದ ಒಳಗೋಪುರದ ಕಾಂಕ್ರೀಟು ಕುಸಿಯಿತು. ಇಂಧನವನ್ನು ಇನ್ನೂ ತುಂಬಿರದಿದ್ದುದರಿಂದ ವಿಕಿರಣದ ಪ್ರಶ್ನೆ ಏಳಲಿಲ್ಲ. 2000ದಲ್ಲಿ ಎರಡು ಘಟಕಗಳು ವಿದ್ಯುತ್ ಪೂರೈಕೆ ಆರಂಭಿಸಿದವು. 2007 ಮತ್ತು 2011ರಲ್ಲಿ ಇನ್ನೆರಡು ಸೇರಿದವು. ಈ ನಾಲ್ಕು ಘಟಕಗಳಲ್ಲಿ ಪ್ರತಿಯೊಂದರ ಸಾಮರ್ಥ್ಯ 220 ಮೆಗಾವಾಟ್. ಅಲ್ಲಿನ ವಿದ್ಯುತ್ತಿನಲ್ಲಿ ಕೇರಳಕ್ಕೂ ಪಾಲಿದೆ.

ಅಲ್ಲಿ ಇಂಧನವಾದ ಯುರೇನಿಯಂ ಆಲ್ಫಾವನ್ನು ಸೂಸುತ್ತದೆ. ವಿದಳನದಲ್ಲಿ ನ್ಯೂಟ್ರಾನುಗಳು ಹೊರಡುತ್ತವೆ. ಒಡೆದ ಚೂರುಗಳು ಬೀಟಾ, ಗಾಮಾಗಳನ್ನು ಸೂಸುತ್ತವೆ. ನ್ಯೂಟ್ರಾನುಗಳನ್ನು ನಿಧಾನಗೊಳಿಸಲು ಭಾರಜಲವಿದೆ. ಭಾರಜಲದ ಹೈಡ್ರೋಜನ್ ಒಂದು ನ್ಯೂಟ್ರಾನನ್ನು ನುಂಗಿದಾಗ ಟ್ರಿಟಿಯಂ ಆಗುತ್ತದೆ. ಅದರ ಅರ್ಧಾಯುಷ್ಯ 12.3 ವರ್ಷ. ಟ್ರಿಟಿಯಂ ಸೂಸುವ ಬೀಟಾ ಎಷ್ಟು ದುರ್ಬಲವೆಂದರೆ ಗಾಳಿಯಲ್ಲಿ ಅರ್ಧ ಸೆಂಟಿಮೀಟರಿನಷ್ಟು ದೂರದಲ್ಲಿಯೇ ಅದು ಸೋಲುತ್ತದೆ, ಚರ್ಮವನ್ನು ದಾಟಲಾರದು.

ಆದರೂ 2009ರ ನವೆಂಬರದಲ್ಲಿ ಕೈಗಾ ದೇಶದಾದ್ಯಂತ ಸುದ್ದಿಯಾದುದು ಈ ದುರ್ಬಲ ಕಿರಣದಿಂದಲೇ. ನೌಕರರ ಮೂತ್ರ ಪರೀಕ್ಷೆಯಲ್ಲಿ ಟ್ರಿಟಿಯಂ ಅಧಿಕವಾಗಿ ಕಂಡುಬಂದು, ವಿಚಾರಿಸಿದಾಗ ಕುಡಿಯುವ ನೀರಿನ ತಂಪುಯಂತ್ರವೊಂದಕ್ಕೆ ಯಾರೋ ಟ್ರಿಟಿಯಂಯುಕ್ತ ಭಾರಜಲವನ್ನು ಬೆರೆಸಿದ್ದರೆಂದು ತಿಳಿಯಿತು. ಐವತ್ತಕ್ಕೂ ಹೆಚ್ಚು ಮಂದಿಯ ದೇಹವನ್ನು ಅದು ಸೇರಿತ್ತು. ಗೋಡೆ ಗಟ್ಟಿಯಾಗಿತ್ತು, ಗೋಪುರ ಭದ್ರವಾಗಿತ್ತು. ಆದರೆ ಕುಡಿಯುವ ನೀರಿಗೆ ಮನುಷ್ಯನ ಕೈ ತಲಪಿತ್ತು. ಟ್ರಿಟಿಯಂ ನೀರಿನೊಡನೆಯೇ ದೇಹದಿಂದ ಹೊರಹೋಗುತ್ತದೆ. ಅದರಲ್ಲಿ ಅರ್ಧ ಭಾಗ ಸುಮಾರು ಹತ್ತು ದಿನಗಳಲ್ಲಿ ಹೋಗುವುದರಿಂದ, ಧಾರಾಳವಾಗಿ ನೀರು ಕುಡಿಸುವುದೇ ಇದಕ್ಕೆ ಮುಖ್ಯ ಚಿಕಿತ್ಸೆ. ಹೊರಗಿದ್ದಾಗ ನಿರುಪದ್ರವಿಯಾದುದು ಒಳಸೇರಿದಾಗ ಬೇರೆಯೇ ಲೆಕ್ಕವಾಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನಮ್ಮ ಕರಾವಳಿಯಲ್ಲಿ ಬೇರೊಂದಿಲ್ಲ.

ಉರಿದು ಮುಗಿದ ಇಂಧನದ ವಿಚಾರವೂ ಹೀಗೆಯೇ. ಅದರಲ್ಲಿರುವ ಸೀಸಿಯಂ-137 ಮತ್ತು ಸ್ಟ್ರಾನ್ಶಿಯಂ-90ರ ಅರ್ಧಾಯುಷ್ಯ ಸುಮಾರು 30 ವರ್ಷ. ಆಲ್ಫಾ ಸೂಸುವ ಪ್ಲುಟೋನಿಯಂ-239ರದು ಸುಮಾರು 24,000 ವರ್ಷ. ಮೊದಲಿನವುಗಳಿಗೆ ಕೆಲವು ಶತಮಾನಗಳ ಭದ್ರವಾದ ಗೋಡೆ ಬೇಕು. ಕೊನೆಯದಕ್ಕೆ ದಪ್ಪ ಗೋಡೆಗಿಂತಲೂ, ಅದು ಸಹಸ್ರಾರು ವರ್ಷ ನೀರನ್ನೂ ಉಸಿರನ್ನೂ ಸೇರದಂತೆ ಕಾಯುವ ವ್ಯವಸ್ಥೆ ಮುಖ್ಯ.

ನಾವು ಕೇಳಬೇಕಾದುದು

ನಮ್ಮ ದೇಶದ ನಿಯಮದಂತೆ ಇಂಥ ಕೇಂದ್ರದಿಂದ ಸಾರ್ವಜನಿಕರಿಗೆ ತಲಪುವ ವಿಕಿರಣ ವರ್ಷಕ್ಕೆ 1 ಮಿಲಿಸೀವರ್ಟನ್ನು ಮೀರಬಾರದು. ನೌಕರರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20, ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್ ಮಿತಿ. ನಾಳೆ ನಮ್ಮ ಜಿಲ್ಲೆಯಲ್ಲಿ ಇಂಥ ಯೋಜನೆ ಬಂದರೂ ಬರದಿದ್ದರೂ, ಸಭೆಗಳಲ್ಲಿ ಒಬ್ಬರು 'ಸರ್ವನಾಶ' ಎನ್ನುವರು, ಇನ್ನೊಬ್ಬರು 'ಬಾಳೆಹಣ್ಣಿನಲ್ಲಿಯೂ ವಿಕಿರಣವಿದೆ' ಎನ್ನುವರು. ಎರಡನೆಯ ಮಾತು ಸತ್ಯವಾದರೂ ಉತ್ತರವಲ್ಲ. ಯಾವ ವಸ್ತು, ಅದು ಸೂಸುವುದು ಯಾವ ಕಿರಣ? ಅದು ಹೊರಗೇ ಉಳಿಯುವುದೋ, ನೀರು, ಮೀನು, ಹಾಲುಗಳ ಮೂಲಕ ಒಳಸೇರುವುದೋ? ಎಷ್ಟು, ಎಷ್ಟು ಕಾಲ, ಅಳೆಯುವವರು ಯಾರು, ಅಳತೆಯನ್ನು ನಮ್ಮ ಮುಂದಿಡುವವರು ಯಾರು? ಆಗ ನಾವು ಕೇಳಬೇಕಾದ ಪ್ರಶ್ನೆಗಳು ಇವು. ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದ ದಿನಗಳಲ್ಲಿ ಇಂಥ ಪ್ರಶ್ನೆಗಳು ಎಲ್ಲರ ನಾಲಗೆಯ ಮೇಲಿದ್ದಿದ್ದರೆ ಎಷ್ಟೋ ಮಕ್ಕಳ ಬಾಳು ಬೇರೆಯಾಗುತ್ತಿತ್ತು.

ಈ ಪ್ರಶ್ನೆಗಳನ್ನು ನಮ್ಮ ಮಕ್ಕಳು ತಮ್ಮ ಮಾತೃಭಾಷೆಯಲ್ಲಿಯೇ ಕೇಳಬಲ್ಲವರಾಗಬೇಕು. ಪರಮಾಣುವಿನ ಒಳಗನ್ನು ಕನ್ನಡದಲ್ಲಿ ವಿವರಿಸುವುದು ಸಾಧ್ಯ. ಸ್ಥಾವರದ ಲೆಕ್ಕಪತ್ರವನ್ನು ಕನ್ನಡದಲ್ಲಿ ಪ್ರಶ್ನಿಸುವುದೂ ಸಾಧ್ಯ. ಐವತ್ತು ವರ್ಷಗಳಿಂದ ಈ ನೆಲದಲ್ಲಿ ಕನ್ನಡದ ಕಲಿಕೆಯನ್ನು ಉಳಿಸಿಕೊಂಡು ಬಂದಿರುವ ನಮ್ಮ ಶಾಲೆಯಿಂದ ಅಂಥ ವಿದ್ಯಾರ್ಥಿಗಳು ಮುಂದೆಯೂ ಹೊರಬರಲಿ ಎಂದು ಹಾರೈಸುತ್ತೇನೆ.